ಸೋಲುವ ತಂಡಕ್ಕೆ ಆಡಳಿತದ ಆಸರೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ತಂಡ ಸತತ ಸೋತರೆ ಮೊದಲು ಕೆಲಸ ಹೋಗುವುದು ಕೋಚ್‌ನದು. ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯ ಹಿಡಿದದ್ದು ಬೇರೆ ದಾರಿ. 2003ರಲ್ಲಿ ಆಟಗಾರನೊಬ್ಬನ ಕೊಲೆ, ಅದರ ಬೆನ್ನಲ್ಲೇ ಬಯಲಾದ ಹಣದ ಅಕ್ರಮ ಅಲ್ಲಿನ ತಂಡವನ್ನು ನೆಲಕಚ್ಚಿಸಿದವು. ಹೊಸ ಕೋಚ್ ಸ್ಕಾಟ್ ಡ್ರೂ ಅವರ ಮೊದಲ ಋತುವಿನಲ್ಲಿ 8 ಗೆಲುವು, 21 ಸೋಲು. 2005–06ರಲ್ಲಂತೂ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ ವಿಧಿಸಿದ ದಂಡನೆಯಿಂದಾಗಿ ಸ್ವಂತ ಕಾನ್ಫರೆನ್ಸ್‌ನ, ಅಂದರೆ ತನ್ನ ಕಾಲೇಜು ಗುಂಪಿನ, ಹೊರಗೆ ಆಡುವಂತೆಯೇ ಇರಲಿಲ್ಲ. ಗೆದ್ದದ್ದು ನಾಲ್ಕೇ ಪಂದ್ಯ. ಆಡಳಿತ ಆಗಲೂ ಕೋಚ್‌ನನ್ನು ಬದಲಿಸಲಿಲ್ಲ. 2008ರಲ್ಲಿ ತಂಡ ರಾಷ್ಟ್ರೀಯ ಟೂರ್ನಿಗೆ ಮರಳಿತು. 2021ರಲ್ಲಿ ಗೊನ್ಜಾಗ ವಿಶ್ವವಿದ್ಯಾಲಯದ ತಂಡವನ್ನು 86–70ರಿಂದ ಮಣಿಸಿ ಚಾಂಪಿಯನ್ ಆಯಿತು.

ತಾಳ್ಮೆಯೊಂದೇ ಸಾಲದು, ಹಣವೂ ಬೇಕು. ಈಗಂತೂ ಇನ್ನೂ ಹೆಚ್ಚು. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಎಲ್ಲ ಕ್ರೀಡೆಗಳಿಗೂ ಸೇರಿ ಒಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದರ ಸಿಂಹಪಾಲು ಅಮೆರಿಕನ್ ಫುಟ್‌ಬಾಲ್‌ಗೆ ಹೋಗುತ್ತದೆ. ಆದ್ದರಿಂದ ಬ್ಯಾಸ್ಕೆಟ್‌ಬಾಲ್‌ನ ಪಾಲೆಷ್ಟು ಎಂಬುದನ್ನು ಆಟಗಾರರು ಕಾಲೇಜು ಬದಲಿಸುವ ವಸಂತಕಾಲಕ್ಕೆ ಮುಂಚೆಯೇ ಆಡಳಿತ ನಿಗದಿಪಡಿಸಿ ಕೋಚ್‌ಗೆ ತಿಳಿಸಬೇಕು. ತಡವಾದರೆ ಒಳ್ಳೆಯ ಆಟಗಾರರು ಬೇರೆಡೆ ಸಹಿ ಹಾಕಿರುತ್ತಾರೆ.