ಮೂಲ ಕಂಪನಿ, ಅಂಗ ಕಂಪನಿ: ಷೇರು ಬೆಲೆಗಳ ಲೆಕ್ಕ ತಪ್ಪುವುದೇಕೆ?

ಒಂದು ಕಂಪನಿಯು ಮತ್ತೊಂದು ಕಂಪನಿಯ ಷೇರುಗಳನ್ನು ದೊಡ್ಡ ಪ್ರಮಾಣದಲ್ಲಿ ಹೊಂದಿರುವುದುಂಟು. ಎರಡೂ ಕಂಪನಿಗಳ ಷೇರುಗಳು ಪೇಟೆಯಲ್ಲಿ ಪ್ರತ್ಯೇಕವಾಗಿ ಮಾರಾಟವಾಗುತ್ತಿದ್ದು, ಮೂಲ ಕಂಪನಿಗೆ ಹೆಚ್ಚಿನ ಸಾಲದ ಹೊರೆ ಇಲ್ಲದಿದ್ದರೆ, ಅದರ ಬೆಲೆಯು ಅದು ಹೊಂದಿರುವ ಷೇರುಗಳ ಮೌಲ್ಯಕ್ಕಿಂತ ಕಡಿಮೆಯಾಗಬಾರದು. ಎರಡು ತೆಂಗಿನಕಾಯಿಗಳಿರುವ ಚೀಲವು ಒಂದೇ ಕಾಯಿಯ ಬೆಲೆಗೆ ದೊರೆಯಲಾರದಷ್ಟೆ. ಆದರೆ ಷೇರುಪೇಟೆಯಲ್ಲಿ ಈ ಸರಳ ಲೆಕ್ಕವು ಅನೇಕ ವೇಳೆ ತಪ್ಪುತ್ತದೆ. ಇಂತಹ ಷೇರು ಅಗ್ಗವೆಂದು ನಂಬಿ ಉಳಿತಾಯದ ಹಣವನ್ನು ತೊಡಗಿಸುವ ಮುನ್ನ ಅದರ ಕಾರಣಗಳನ್ನು ಅರಿತಿರುವುದು ಅಗತ್ಯ.

ಚೆನ್ನೈನ ಒಂದು ನಿದರ್ಶನ

ಸೈಕಲ್ ಹಾಗೂ ಉಕ್ಕಿನ ಕೊಳವೆಗಳಿಗೆ ಹೆಸರಾದ ಚೆನ್ನೈನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಆಫ್ ಇಂಡಿಯಾ ಮುರುಗಪ್ಪ ಸಮೂಹಕ್ಕೆ ಸೇರಿದುದು. 2017ರಲ್ಲಿ ಅದನ್ನು ಎರಡಾಗಿ ವಿಭಜಿಸಲಾಯಿತು. ತಯಾರಿಕಾ ಉದ್ಯಮವು ಹೊಸ ಕಂಪನಿಗೆ ವರ್ಗಾವಣೆಗೊಂಡಿತು. ಹಳೆಯ ಕಂಪನಿಯ ಪ್ರತಿ ಷೇರಿಗೆ ಹೊಸದರ ಒಂದು ಷೇರನ್ನು ನೀಡಲಾಯಿತು. ಹಣಕಾಸು ಹೂಡಿಕೆಗಳು ಹಳೆಯ ಕಂಪನಿಯಲ್ಲಿಯೇ ಉಳಿದವು. ಅದು ಇಂದು ಚೋಳಮಂಡಲಂ ಫೈನಾನ್ಷಿಯಲ್ ಹೋಲ್ಡಿಂಗ್ಸ್ ಎಂಬ ಹೆಸರನ್ನು ಹೊಂದಿದೆ.

ವಾಹನ ಸಾಲ ನೀಡುವ ಚೋಳಮಂಡಲಂ ಇನ್‌ವೆಸ್ಟ್‌ಮೆಂಟ್ ಅಂಡ್ ಫೈನಾನ್ಸ್ ಕಂಪನಿಯಲ್ಲಿ ಈ ಹೂಡಿಕೆ ಕಂಪನಿಯು 2023ರಲ್ಲಿ ಶೇಕಡಾ ಸುಮಾರು 45ರಷ್ಟು ಪಾಲನ್ನು ಹೊಂದಿತ್ತು. ಲೆಕ್ಕ ಹಾಕಿದರೆ, ಹೂಡಿಕೆ ಕಂಪನಿಯ ಪ್ರತಿಯೊಂದು ಷೇರಿನ ಹಿಂದೆ ಸಾಲ ಕಂಪನಿಯ ಸುಮಾರು ಎರಡು ಷೇರುಗಳಿದ್ದವು. ಇದಲ್ಲದೆ ಸಾಮಾನ್ಯ ವಿಮಾ ಕಂಪನಿಯೊಂದರಲ್ಲಿ ಶೇಕಡಾ 60ರಷ್ಟು ಪಾಲೂ ಇತ್ತು. ಆದರೂ 2023ರ ಮಾರ್ಚ್ ತಿಂಗಳಲ್ಲಿ ಹೂಡಿಕೆ ಕಂಪನಿಯ ಷೇರಿನ ಬೆಲೆಯು ಸಾಲ ಕಂಪನಿಯ ಒಂದೇ ಷೇರಿನ ಬೆಲೆಗಿಂತಲೂ ಕಡಿಮೆಯಾಗಿತ್ತು.

ಇದನ್ನು ಪೇಟೆಯ ಅವಿವೇಕವೆಂದಷ್ಟೇ ಹೇಳಿ ಮುಗಿಸುವಂತಿಲ್ಲ. ಪ್ರವರ್ತಕರು ಸಾಲ ಕಂಪನಿಯ ಮೇಲಿನ ಹತೋಟಿಗಾಗಿ ಈ ಪಾಲನ್ನು ಉಳಿಸಿಕೊಳ್ಳುತ್ತಾರೆ. ಅದನ್ನು ಮಾರಿ ಹಣ ಹಂಚುವ ಸಂಭವ ಕಡಿಮೆ. ಒಂದು ವೇಳೆ ಮಾರಿದರೂ ಲಾಭದ ಮೇಲೆ ತೆರಿಗೆ ತೆರಬೇಕಾಗುತ್ತದೆ. ಸಾಮಾನ್ಯ ಷೇರುದಾರನಿಗೆ ಚೀಲವನ್ನು ಬಿಚ್ಚುವ ಅಧಿಕಾರವಿಲ್ಲ. ಆದುದರಿಂದಲೇ ಆತನು ಚೀಲಕ್ಕೆ ಕಡಿಮೆ ಬೆಲೆಯನ್ನು ಕೊಡುತ್ತಾನೆ.

ಅಮೆರಿಕದ ಪ್ರಕರಣ

ಅವಿವೇಕವೆಂದೇ ಕರೆಯಬಹುದಾದ ಪ್ರಕರಣವು 2000ದ ಮಾರ್ಚ್ 2ರಂದು ಅಮೆರಿಕದಲ್ಲಿ ನಡೆಯಿತು. ತ್ರೀಕಾಮ್ ಎಂಬ ಕಂಪನಿಯು ತನ್ನ ಅಂಗ ಕಂಪನಿಯಾದ ಪಾಮ್‌ನ ಶೇಕಡಾ ಸುಮಾರು 5ರಷ್ಟು ಷೇರುಗಳನ್ನು ಸಾರ್ವಜನಿಕರಿಗೆ ಮಾರಿ, ಉಳಿದವನ್ನು ಅದೇ ವರ್ಷ ತನ್ನ ಷೇರುದಾರರಿಗೆ ಹಂಚುವುದಾಗಿ ಪ್ರಕಟಿಸಿತ್ತು. ತ್ರೀಕಾಮ್‌ನ ಒಂದು ಷೇರಿಗೆ ಪಾಮ್‌ನ ಸುಮಾರು ಒಂದೂವರೆ ಷೇರು ಬರಬೇಕಾಗಿತ್ತು. ಮೊದಲ ದಿನದ ವ್ಯವಹಾರ ಮುಗಿದಾಗ ಪಾಮ್‌ನ ಬೆಲೆ 95 ಡಾಲರ್‌ಗಳಷ್ಟಿತ್ತು. ಹಾಗಾಗಿ ತ್ರೀಕಾಮ್‌ನ ಬೆಲೆ 140 ಡಾಲರ್‌ಗಳನ್ನು ಮೀರಬೇಕಾಗಿತ್ತು. ವಾಸ್ತವದಲ್ಲಿ ಅದು ಸುಮಾರು 82 ಡಾಲರ್‌ಗಳಿಗೆ ಇಳಿದಿತ್ತು. ತ್ರೀಕಾಮ್‌ನ ಉಳಿದ ಉದ್ಯಮ ಹಾಗೂ ನಗದು ಹಣಕ್ಕೆ ಪೇಟೆಯು ಸೊನ್ನೆಗಿಂತಲೂ ಕಡಿಮೆ ಬೆಲೆ ಕಟ್ಟಿದಂತಾಯಿತು.

ಓವೆನ್ ಲ್ಯಾಮೊಂಟ್ ಮತ್ತು ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಕಾರಣವನ್ನು ವಿವರಿಸಿದ್ದಾರೆ. ಇಂತಹ ಅಂತರವನ್ನು ಸರಿಪಡಿಸಬೇಕಾದರೆ, ದುಬಾರಿಯಾದ ಷೇರನ್ನು ಎರವಲು ಪಡೆದು ಮಾರಿ, ಬೆಲೆ ಇಳಿದ ಮೇಲೆ ಕೊಂಡು ಹಿಂದಿರುಗಿಸುವವರು ಇರಬೇಕು. ಪೇಟೆಗೆ ಬಂದ ಪಾಮ್ ಷೇರುಗಳು ತೀರ ಅಲ್ಪವಾಗಿದ್ದುದರಿಂದ ಎರವಲು ದೊರೆಯುವುದು ಕಷ್ಟವಾಯಿತು. ತಪ್ಪು ಬೆಲೆ ಎಲ್ಲರಿಗೂ ಕಾಣುತ್ತಿದ್ದರೂ ತಿದ್ದುವ ದಾರಿ ಕಿರಿದಾಗಿತ್ತು. ಆದರೆ ಹಂಚಿಕೆಯ ಕಾಲ ಸಮೀಪಿಸಿದಂತೆ ಅಂತರವು ಮುಚ್ಚಿತು. ಜುಲೈ ತಿಂಗಳಲ್ಲಿ ಹಂಚಿಕೆ ನಡೆಯಿತು. 95 ಡಾಲರ್ ಕೊಟ್ಟು ಪಾಮ್ ಕೊಂಡವರು ಭಾರೀ ನಷ್ಟಕ್ಕೆ ಗುರಿಯಾದರು.

ಹೂಡಿಕೆದಾರರು ಗಮನಿಸಬೇಕಾದ ಅಂಶಗಳು

ಈ ಎರಡು ನಿದರ್ಶನಗಳ ನಡುವಿನ ಮುಖ್ಯ ವ್ಯತ್ಯಾಸವೆಂದರೆ ಕಾಲಮಿತಿ. ಅಮೆರಿಕದ ಪ್ರಕರಣದಲ್ಲಿ ಚೀಲವನ್ನು ಬಿಚ್ಚುವ ಕಾಲ ಗೊತ್ತಾಗಿತ್ತು. ಚೆನ್ನೈನ ನಿದರ್ಶನದಲ್ಲಿ ಅಂತಹ ಗಡುವಿರಲಿಲ್ಲ. ಗಡುವಿಲ್ಲದ ಅಗ್ಗದ ಷೇರು ಎಷ್ಟು ವರ್ಷ ಬೇಕಾದರೂ ಅಗ್ಗವಾಗಿಯೇ ಉಳಿಯಬಹುದು.

ಆದಕಾರಣ ಇಂತಹ ಷೇರನ್ನು ಕೊಳ್ಳುವವರು ಮೊದಲಿಗೆ ಮೂಲ ಕಂಪನಿಯ ವಾರ್ಷಿಕ ವರದಿಯಿಂದ ಅದರ ಪಾಲು ಹಾಗೂ ಸಾಲದ ವಿವರಗಳನ್ನು ತಿಳಿಯಬೇಕು. ವಿಭಜನೆ ಅಥವಾ ಹಂಚಿಕೆಯ ನಿರ್ಧಾರವು ಅಧಿಕೃತವಾಗಿ ಪ್ರಕಟವಾಗಿದೆಯೇ ಎಂಬುದನ್ನು ಷೇರು ವಿನಿಮಯ ಕೇಂದ್ರದ ಪ್ರಕಟಣೆಗಳಲ್ಲಿ ಪರಿಶೀಲಿಸಬೇಕು. ಕೈಗೆ ಬರುವ ಲಾಭಾಂಶವೆಷ್ಟೆಂಬುದನ್ನೂ ನೋಡಬೇಕು. ದೀರ್ಘಕಾಲ ಕಾಯಲಾಗದ ಹಣವನ್ನು, ಅಂದರೆ ಮಕ್ಕಳ ವಿದ್ಯಾಭ್ಯಾಸ, ಮದುವೆ ಅಥವಾ ಚಿಕಿತ್ಸೆಗೆಂದು ಕೂಡಿಟ್ಟುದನ್ನು, ಇಂತಹ ಲೆಕ್ಕಾಚಾರದಲ್ಲಿ ತೊಡಗಿಸುವುದು ಸೂಕ್ತವಲ್ಲ. ಪೇಟೆಯ ತಪ್ಪನ್ನು ಗುರುತಿಸುವುದು ಒಂದು ಮಾತು. ಆ ತಪ್ಪು ತಿದ್ದುವವರೆಗೆ ಕಾಯುವ ಶಕ್ತಿ ಇರುವುದು ಮತ್ತೊಂದು ಮಾತು.