ಮರಗಳ ಆರೈಕೆಯ ಕಸುಬು: ಹೆಸರಿನ ಗುತ್ತಿಗೆ ಹಿಡಿಯುವ ಮುನ್ನ

ತೆಂಗು, ಅಡಿಕೆ, ಮಾವು ಬೆಳೆಯುವ ನಮ್ಮ ರೈತರನ್ನು ಇಂದು ಬಹುವಾಗಿ ಕಾಡುತ್ತಿರುವುದು ಮರ ಹತ್ತುವ ಆಳಿನ ಕೊರತೆ. ಮಲೆನಾಡಿನಲ್ಲಿ ಕೊನೆಗೌಡನಿಗಾಗಿ ವಾರಗಟ್ಟಲೆ ಕಾಯಬೇಕು. ಬಯಲುಸೀಮೆಯಲ್ಲಿ ಕಾಯಿ ಕೆಡಹುವವರು ಒಂದು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಕೊಯ್ಲು ತಡವಾದರೆ ನಷ್ಟ ಅಷ್ಟಿಷ್ಟು. ಆದರೆ ಅಡಿಕೆಗೆ ಔಷಧಿ ಸಿಂಪಡಣೆ ತಪ್ಪಿದರೆ ಕೊಳೆ ರೋಗದಿಂದ ಆ ವರ್ಷದ ಫಸಲೇ ಕೈ ಬಿಡಬಹುದು. ತೆಂಗಿನ ಸುಳಿಯನ್ನು ಸಕಾಲದಲ್ಲಿ ನೋಡದಿದ್ದರೆ ಮರವೇ ಹೋಗಬಹುದು.

ಈ ಕೊರತೆಯೇ ಹಳ್ಳಿಯ ಯುವಕ ಯುವತಿಯರಿಗೆ ಒಂದು ಉದ್ಯೋಗವಾಗಬಲ್ಲದು. ತಂಡ ಕಟ್ಟಿಕೊಂಡು, ತೋಟದಿಂದ ತೋಟಕ್ಕೆ ಹೋಗಿ, ಕೊಯ್ಲು, ಸುಳಿ ಶುಚಿ, ಸಿಂಪಡಣೆ, ಸವರುವಿಕೆಗಳನ್ನು ಕೂಲಿಯ ಬದಲು ಒಪ್ಪಂದದ ಮೇಲೆ ಮಾಡಿಕೊಡುವುದೇ ಮರ ಆರೈಕೆಯ ಕಸುಬು. ಇದನ್ನು ಸ್ವಂತವಾಗಿ ಆರಂಭಿಸಬಹುದು. ಇಲ್ಲವೇ ಆಗಲೇ ನಡೆಯುತ್ತಿರುವ ಒಂದು ಸಂಸ್ಥೆಯ ಹೆಸರು, ತರಬೇತಿ ಮತ್ತು ವಿಧಾನಗಳನ್ನು ಹಣ ಕೊಟ್ಟು ಪಡೆದು ಅದರ ಶಾಖೆಯಾಗಿ ನಡೆಸಬಹುದು. ಎರಡನೆಯ ಪದ್ಧತಿಗೆ ಫ್ರಾಂಚೈಸಿ ಎನ್ನುತ್ತಾರೆ. ತಿಳಿಗನ್ನಡದಲ್ಲಿ ಹೆಸರಿನ ಗುತ್ತಿಗೆ ಎನ್ನಬಹುದು. ಇಂತಹ ಗುತ್ತಿಗೆ ಹಿಡಿಯುವ ಮುನ್ನ ಯಾವ ಲೆಕ್ಕಗಳನ್ನು ಹಾಕಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಸರಿಗೆ ಮೊದಲು ಕೈಕೆಲಸ

ಮರದ ಆರೈಕೆ ವ್ಯವಸ್ಥಿತ ಕಸುಬಾದುದು ಇಂದು ನಿನ್ನೆಯಲ್ಲ. ಅಮೆರಿಕದ ಓಹಿಯೊ ರಾಜ್ಯದ ಕೆಂಟ್ ಎಂಬ ಊರಿನಲ್ಲಿ ಜಾನ್ ಡೇವಿ ಎಂಬಾತ 1901ರಲ್ಲಿ ‘ಮರದ ವೈದ್ಯ’ ಎಂಬರ್ಥದ ಹೆಸರಿನ ಪುಸ್ತಕ ಬರೆದು, 1909ರಲ್ಲಿ ಕಂಪನಿ ಕಟ್ಟಿದ. ಕೆಲಸಗಾರರಿಗೆಂದೇ ತರಬೇತಿ ಶಾಲೆಯನ್ನೂ ನಡೆಸಲಾಯಿತು. ನಮ್ಮಲ್ಲಿ 1981ರಲ್ಲಿ ಸ್ಥಾಪನೆಯಾದ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರಗಳ ಸ್ನೇಹಿತರು’ ಎಂಬ ತರಬೇತಿಯನ್ನು ಆರಂಭಿಸಿತು. ಯಂತ್ರದ ಸಹಾಯದಿಂದ ಮರ ಹತ್ತುವುದು, ಸುಳಿ ಶುಚಿಗೊಳಿಸುವುದು, ಸಸ್ಯ ಸಂರಕ್ಷಣೆ ಇವುಗಳನ್ನು ಕಲಿಸಿ, ವಿಮೆಯ ಏರ್ಪಾಡನ್ನೂ ಮಾಡಲಾಯಿತು. ಮುಂದೆ ಈ ತರಬೇತಿ ಕರ್ನಾಟಕಕ್ಕೂ ಬಂದಿತು.

ಈ ಎರಡೂ ಉದಾಹರಣೆಗಳಲ್ಲಿ ಮೊದಲು ಬಂದದ್ದು ತರಬೇತಿ. ರೈತನು ಹಣ ಕೊಡುವುದು ಅಂಗಿಯ ಮೇಲಿನ ಹೆಸರಿಗಲ್ಲ, ಮರ ಬಲ್ಲ ಕೈಗೆ. ಆದುದರಿಂದ ಹೆಸರು ಮಾರುವ ಸಂಸ್ಥೆಯನ್ನು ಕೇಳಬೇಕಾದ ಮೊದಲ ಪ್ರಶ್ನೆ: “ನಮ್ಮ ಹುಡುಗರಿಗೆ ಎಷ್ಟು ದಿನ, ಯಾವ ಮರದ ಮೇಲೆ, ಯಾರು ಕಲಿಸುತ್ತೀರಿ?”

ತಂಡಕ್ಕೆ ತಿಳಿದಿರಲೇಬೇಕಾದ ಅಂಶಗಳು

1. ತೆಂಗು: ಮಾವು, ಹಲಸುಗಳ ಗಾಯವು ಕಾಲಕ್ರಮದಲ್ಲಿ ಹೊಸ ತೊಗಟೆಯಿಂದ ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡದ ಗಾಯ ಎಂದಿಗೂ ಮುಚ್ಚದು. ಹತ್ತಲು ಅನುಕೂಲವೆಂದು ಕಾಂಡದಲ್ಲಿ ಮೆಟ್ಟಿಲು ಕಡಿಯುವುದನ್ನು ಈ ಕಾರಣಕ್ಕಾಗಿ ನಿಲ್ಲಿಸಬೇಕು. ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಹಸಿರು ಗರಿಗಳನ್ನು ಕಡಿಯಬಾರದು. ಕಡಿಯಲೇಬೇಕಾದರೆ ಕಾಂಡದಿಂದ 120 ಸೆಂ.ಮೀ. ದೂರದಲ್ಲಿ ಕಡಿಯಬೇಕು. ಸುಳಿ ಕೊಳೆ ಕಂಡರೆ ಕೊಳೆತ ಭಾಗವನ್ನು ಪೂರ್ತಿ ತೆಗೆದು, ಶೇ. 10ರ ಬೋರ್ಡೋ ಮುಲಾಮು ಹಚ್ಚಿ, ಹೊಸ ಸುಳಿ ಬರುವವರೆಗೆ ಮಳೆ ನೀರು ಬೀಳದಂತೆ ಮುಚ್ಚಬೇಕು.

2. ಅಡಿಕೆ: ಕೊಳೆ ರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುನ್ನ ಒಮ್ಮೆ, ಅದಾದ 40–45 ದಿನಗಳಿಗೆ ಮತ್ತೊಮ್ಮೆ ಸಿಂಪಡಿಸಬೇಕು. 100 ಲೀಟರ್ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ ಬೇಕು. ಇವೆರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ ಬಳಿಕ ಕೂಡಿಸಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿಯಬೇಕು.

3. ಮಾವು ಮತ್ತಿತರ ದೊಡ್ಡ ಮರಗಳು: ಸವರುವಿಕೆಯನ್ನು ಕೊಯ್ಲು ಮುಗಿದೊಡನೆ, ಹೊಸ ಚಿಗುರು ಬರುವ ಮುನ್ನ ಮಾಡಬೇಕು. ದಪ್ಪ ರೆಂಬೆಗೆ ಮೂರು ಕೊಯ್ತ ಅವಶ್ಯ. ಕಾಂಡದಿಂದ ಒಂದಡಿ ಆಚೆ ಕೆಳಗಿನಿಂದ ರೆಂಬೆಯ ಮೂರನೆಯ ಒಂದು ಭಾಗದಷ್ಟು ಕೊಯ್ಯಬೇಕು. ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ ಕೊಯ್ದಾಗ ಸಿಪ್ಪೆ ಸೀಳದೆ ರೆಂಬೆ ಬೀಳುತ್ತದೆ. ಕಡೆಗೆ ಉಳಿದ ಮೋಟನ್ನು ರೆಂಬೆಯ ಬುಡದ ಉಬ್ಬಿನ ಹೊರಗೆ ಕೊಯ್ಯಬೇಕು. ಈ ಉಬ್ಬನ್ನು ಬಿಟ್ಟರೆ ಮರವು ಒಳಗಿನಿಂದಲೇ ಗಾಯಕ್ಕೆ ಗೋಡೆ ಕಟ್ಟುತ್ತದೆ ಎಂಬುದನ್ನು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೀಗೊ 1970–80ರ ದಶಕಗಳಲ್ಲಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟರು.

ವ್ಯಾಪ್ತಿಯನ್ನು ಮರಗಳಲ್ಲಿ ಎಣಿಸಿ

ಹೆಸರು ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ “ಇಡೀ ತಾಲ್ಲೂಕು ನಿಮ್ಮದೇ” ಎಂದು ಹೇಳುತ್ತವೆ. ಕೇಳಲು ಹಿತವಾದ ಮಾತು. ಆದರೆ ಒಬ್ಬ ಏರುವವನಿಗೆ ಬೇಕಾದುದು ತಾಲ್ಲೂಕಲ್ಲ, ಮರಗಳು. ಈ ಲೆಕ್ಕವನ್ನು ನೋಡಿ.

ಯಂತ್ರದ ಸಹಾಯದಿಂದ ಒಬ್ಬನು ದಿನಕ್ಕೆ 40 ಮರ ಹತ್ತುವನೆಂದೂ ಮಳೆ, ಹಬ್ಬ, ಆಯಾಸದ ದಿನಗಳನ್ನು ಕಳೆದು ವರ್ಷಕ್ಕೆ 200 ದಿನ ಕೆಲಸ ಸಿಗುವುದೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 8,000 ಹತ್ತುವಿಕೆಯಾಯಿತು. ಒಂದು ತೆಂಗಿನ ಮರವನ್ನು ವರ್ಷಕ್ಕೆ 8 ಸಲ ಹತ್ತುವುದಾದರೆ ಆತನಿಗೆ 1,000 ಮರ ಸಾಕು. ಎಕರೆಗೆ 70 ಮರದಂತೆ ಇದು ಸುಮಾರು 14 ಎಕರೆ. ನಾಲ್ವರ ತಂಡಕ್ಕೆ 4,000 ಮರ, ಅಂದರೆ ಸುಮಾರು 57 ಎಕರೆ. ತೆಂಗಿನ ನಾಡಿನಲ್ಲಿ ಒಂದೆರಡು ಊರುಗಳಲ್ಲೇ ಇಷ್ಟು ಮರಗಳಿರುತ್ತವೆ.

ಎಲ್ಲ ಕಡೆಯೂ ಇದೇ ಲೆಕ್ಕ ನಡೆಯದು. ತಿಪಟೂರು, ಅರಸೀಕೆರೆ ಕಡೆ ಉಂಡೆ ಕೊಬ್ಬರಿಗೆ ಪೂರ್ತಿ ಬಲಿತ ಕಾಯಿ ಬೇಕಾದುದರಿಂದ ಹತ್ತುವ ಸರದಿ ಕಡಿಮೆ. ವರ್ಷಕ್ಕೆ 4 ಸಲವೆಂದರೆ ಅದೇ ಒಬ್ಬನಿಗೆ 2,000 ಮರ ಬೇಕಾಗುತ್ತದೆ. ಎಳನೀರು ಮಾರುವ ಮದ್ದೂರಿನ ಕಡೆ ಸರದಿ ಹೆಚ್ಚು. ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನೋಟು ಪುಸ್ತಕ ಹಿಡಿದು ನಿಮ್ಮ ಊರಿನ ಸುತ್ತ ತಿರುಗಿ. ಯಾರ ತೋಟದಲ್ಲಿ ಎಷ್ಟು ಮರ, ಈಗ ಯಾರು ಹತ್ತುತ್ತಾರೆ, ವರ್ಷದ ಒಪ್ಪಂದಕ್ಕೆ ಯಾರು ಒಪ್ಪುತ್ತಾರೆ ಎಂದು ಬರೆದುಕೊಳ್ಳಿ. ಒಪ್ಪಿದವರ ಮರಗಳನ್ನಷ್ಟೇ ಎಣಿಸಿ.

ನೂರಕ್ಕೆ ಎಂಟು ಎಂದರೆ ಎಷ್ಟು?

ಹೆಸರಿನ ಪಾಲನ್ನು ಸಾಮಾನ್ಯವಾಗಿ ಒಟ್ಟು ಹುಟ್ಟುವಳಿಯ ಮೇಲೆ ವಸೂಲು ಮಾಡುತ್ತಾರೆ, ಲಾಭದ ಮೇಲಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಕೈ ಸುಟ್ಟುಕೊಳ್ಳುವುದುಂಟು. ಲೆಕ್ಕದ ಅನುಕೂಲಕ್ಕಾಗಿ, ಬಂದ ಪ್ರತಿ 100 ರೂಪಾಯಿಯಲ್ಲಿ ಹೀಗೆ ಖರ್ಚಾಗುತ್ತದೆ ಎನ್ನೋಣ:

ಏರುವವರ ಕೂಲಿ – 60 ರೂ.
ವಾಹನ, ಇಂಧನ, ಫೋನು – 9 ರೂ.
ಯಂತ್ರ, ದೋಟಿ, ಸಿಂಪಡಣಾ ಸಲಕರಣೆಗಳ ಸವಕಳಿ – 6 ರೂ.
ವಿಮೆ, ಸುರಕ್ಷಾ ಸಾಮಗ್ರಿ – 5 ರೂ.
ಉಳಿದದ್ದು – 20 ರೂ.

ಹೆಸರಿನ ಪಾಲು ನೂರಕ್ಕೆ 8 ಎಂದರೆ ಕೇಳಲು ಅಲ್ಪ. ಆದರೆ ಅದು ಹೋಗುವುದು ಈ 20 ರೂಪಾಯಿಯಿಂದ. ಅಂದರೆ ನಿಮ್ಮ ಉಳಿಕೆಯಲ್ಲಿ ನೂರಕ್ಕೆ 40 ಭಾಗ. ಅದರ ಮೇಲೆ ಜಿ.ಎಸ್.ಟಿ. ಪ್ರತ್ಯೇಕವೋ ಸೇರಿಯೋ ಎಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು.

ಇನ್ನು ವರ್ಷದ ಲೆಕ್ಕ. ಮರಕ್ಕೆ 50 ರೂ. ಎಂದು ಇಟ್ಟುಕೊಂಡರೆ ನಾಲ್ವರ ತಂಡಕ್ಕೆ ದಿನಕ್ಕೆ 8,000 ರೂ., 200 ದಿನಕ್ಕೆ 16 ಲಕ್ಷ ರೂ. ಬರುತ್ತದೆ. ನೂರಕ್ಕೆ 12ರಂತೆ ಉಳಿಕೆ 1,92,000 ರೂ. ಆರಂಭದಲ್ಲಿ ಕಟ್ಟಿದ ಹೆಸರಿನ ಶುಲ್ಕ 1,50,000 ರೂ. ಎಂದುಕೊಂಡು ಅದನ್ನು 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30,000 ರೂ. ಇದನ್ನು ಕಳೆದರೆ ತಿಂಗಳಿಗೆ 13,500 ರೂ. ದಕ್ಕುತ್ತದೆ.

ಮಳೆ ಹೆಚ್ಚಾಗಿ ಅಥವಾ ಹುಡುಗರು ಬಿಟ್ಟುಹೋಗಿ ಕೆಲಸ 140 ದಿನಕ್ಕೆ ಇಳಿದರೆ? ಹುಟ್ಟುವಳಿ 11,20,000 ರೂ. ಕೂಲಿ 6,72,000 ರೂ., ಹೆಸರಿನ ಪಾಲು 89,600 ರೂ. ವಾಹನ, ಸಲಕರಣೆ, ವಿಮೆಗಳ ಖರ್ಚಿನಲ್ಲಿ ಅರ್ಧ ಭಾಗ ಕೆಲಸ ಇರಲಿ ಬಿಡಲಿ ಬರುವಂಥದು. ಆದ್ದರಿಂದ ಅದು 2,72,000 ರೂ. ಆಗುತ್ತದೆ. ಉಳಿಕೆ 86,400 ರೂ. ಶುಲ್ಕದ ಪಾಲನ್ನೂ ಕಳೆದರೆ 56,400 ರೂ., ತಿಂಗಳಿಗೆ ಕೇವಲ 4,700 ರೂ. ಕೆಲಸದ ದಿನ ನೂರಕ್ಕೆ 30ರಷ್ಟು ಇಳಿದರೆ ಆದಾಯ ಮೂರನೆಯ ಒಂದು ಭಾಗಕ್ಕೆ ಕುಸಿಯಿತು. ನಿಮ್ಮ ಊರಿನ ದರ ಬೇರೆ ಇರಬಹುದು. ಆ ದರ ಹಾಕಿ ಇದೇ ರೀತಿ ಲೆಕ್ಕ ಮಾಡಿ ನೋಡಿ.

ಆದುದರಿಂದ ಈ ಕಸುಬಿನಲ್ಲಿ ಗೆಲ್ಲುವ ಉಪಾಯವೆಂದರೆ ದಿನಗಳನ್ನು ತುಂಬಿಸುವುದು. ಬೇಸಿಗೆಯಲ್ಲಿ ತೆಂಗಿನ ಕೊಯ್ಲು ಮತ್ತು ಸುಳಿ ಶುಚಿ, ಮೇ ಕೊನೆಯಿಂದ ಅಡಿಕೆಗೆ ಮೊದಲ ಸಿಂಪಡಣೆ, ಜುಲೈ–ಆಗಸ್ಟಿನಲ್ಲಿ ಮಳೆಯ ಬಿಡುವಿನಲ್ಲಿ ಎರಡನೆಯ ಸಿಂಪಡಣೆ ಅಥವಾ ಮಾವಿನ ಸವರುವಿಕೆ, ಅನಂತರ ಅಡಿಕೆ ಕೊಯ್ಲು. ಒಂದೇ ಬೆಳೆಯನ್ನು ನಂಬಿದ ತಂಡ ಅರ್ಧ ವರ್ಷ ಖಾಲಿ ಕೂರುತ್ತದೆ. ಮೂಲ ಸಂಸ್ಥೆಯು ಈ ಖಾಲಿ ದಿನಗಳಿಗೆ ಕೆಲಸ ಒದಗಿಸಬಲ್ಲದಾದರೆ ಅದರ ಪಾಲಿಗೆ ಅರ್ಥವಿದೆ. ಇಲ್ಲವಾದರೆ ಇಲ್ಲ.

ಒಪ್ಪಂದದಲ್ಲಿ ನೋಡಬೇಕಾದವು

ನಮ್ಮ ದೇಶದಲ್ಲಿ ಹೆಸರಿನ ಗುತ್ತಿಗೆಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. 1872ರ ಭಾರತೀಯ ಕರಾರು ಕಾಯಿದೆ, ಹೆಸರಿನ ಗುರುತಿಗೆ 1999ರ ವ್ಯಾಪಾರ ಚಿಹ್ನೆ ಕಾಯಿದೆ ಇವೇ ಆಧಾರ. ಹೀಗಾಗಿ ಕಾಗದದಲ್ಲಿ ಬರೆದದ್ದೇ ಮುಖ್ಯ.

(ಅ) ಹೆಸರು ಸಂಸ್ಥೆಯ ಸ್ವಂತ ಹೆಸರಿನಲ್ಲಿ ನೋಂದಣಿಯಾಗಿದೆಯೇ?
(ಆ) ವ್ಯಾಪ್ತಿಯೊಳಗೆ ಇನ್ನೊಬ್ಬರಿಗೆ ಶಾಖೆ ಕೊಡುವುದಿಲ್ಲವೆಂದು ಬರೆದಿದೆಯೇ?
(ಇ) ಯಂತ್ರ, ಔಷಧಿಗಳನ್ನು ಅವರಿಂದಲೇ ಕೊಳ್ಳಬೇಕೆಂಬ ಷರತ್ತಿದ್ದರೆ ಬೆಲೆ ಪೇಟೆಗಿಂತ ಎಷ್ಟು ಹೆಚ್ಚು?
(ಈ) ವಿಮೆಯ ಕಂತು ಯಾರದು? ಅಪಘಾತವಾದರೆ ಹೊಣೆ ಯಾರದು?
(ಉ) ಬಿಡಬೇಕೆಂದರೆ ಎಷ್ಟು ತಿಂಗಳ ನೋಟೀಸು? ಕಟ್ಟಿದ ಠೇವಣಿ ಮರಳುವುದೇ?

ಗುತ್ತಿಗೆ ಮುಗಿದ ಮೇಲೂ ಇದೇ ಕಸುಬು ಮಾಡಕೂಡದೆಂಬ ಷರತ್ತು ಕೆಲವು ಕಾಗದಗಳಲ್ಲಿ ಇರುತ್ತದೆ. ಕರಾರು ಕಾಯಿದೆಯ 27ನೆಯ ಕಲಮಿನಂತೆ ಇಂತಹ ತಡೆ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಆದರೂ ಸಹಿಗೆ ಮುನ್ನ ವಕೀಲರೊಬ್ಬರಿಗೆ ತೋರಿಸುವುದು ಲೇಸು.

ಮರ ಕಡಿಯುವ ಕೆಲಸ ಬಂದಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ಮರೆಯಬಾರದು. ತೆಂಗು, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ರೈತನದೇ ಎಂಬ ಮಾತು ಅನುಮತಿಗೆ ಬದಲಾಗದು.

ಪ್ರಾಣಕ್ಕಿಂತ ಹೆಚ್ಚಿನದಿಲ್ಲ

ಬೇರೆ ಕಸುಬಿನಲ್ಲಿ ತಪ್ಪಾದರೆ ಹಣ ಹೋಗುತ್ತದೆ, ಇದರಲ್ಲಿ ಮನುಷ್ಯನೇ ಹೋಗಬಹುದು. ಒದ್ದೆ ಕಾಂಡದ ಮೇಲೆ ಯಂತ್ರ ಜಾರುತ್ತದೆ. ಮಳೆ ನಿಂತ ಕೂಡಲೇ ಹತ್ತಿಸಬಾರದು. ಸೊಂಟದ ಸುರಕ್ಷಾ ಪಟ್ಟಿಯಿಲ್ಲದೆ ಯಾರನ್ನೂ ಮರಕ್ಕೆ ಬಿಡಬಾರದು. ವಿದ್ಯುತ್ ತಂತಿಯ ಹತ್ತಿರ ಲೋಹದ ದೋಟಿಯಷ್ಟೇ ಕಾರ್ಬನ್ ಫೈಬರ್ ದೋಟಿಯೂ ಅಪಾಯಕರ. ಅದು ಹಗುರವಾದರೂ ವಿದ್ಯುತ್ತನ್ನು ಹರಿಸುತ್ತದೆ. ತಂತಿ ಸಮೀಪವಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಿ ಸರಬರಾಜು ನಿಲ್ಲಿಸಿದ ಮೇಲೆಯೇ ಕೆಲಸ. ದಿನಕ್ಕೆ ಇಷ್ಟು ಮರ ಮುಗಿಸಲೇಬೇಕೆಂದು ಏರುವವರ ಮೇಲೆ ಒತ್ತಡ ಹೇರುವ ಒಪ್ಪಂದವನ್ನು, ಎಷ್ಟೇ ಲಾಭ ಕಂಡರೂ, ಒಪ್ಪಿಕೊಳ್ಳಬಾರದು.

ಕೊನೆಯದಾಗಿ

ಮೊದಲ ವರ್ಷ ಇಬ್ಬರು ಏರುವವರೊಡನೆ, ಸ್ವಂತ ಹೆಸರಿನಲ್ಲಿ, ನಿಮ್ಮ ಊರಿನ ತೋಟಗಳಲ್ಲೇ ಕೆಲಸ ಆರಂಭಿಸುವುದು ಉತ್ತಮ. ದಿನವಹಿ ಪುಸ್ತಕದಲ್ಲಿ ತೋಟ, ಮರಗಳ ಸಂಖ್ಯೆ, ಮಾಡಿದ ಕೆಲಸ, ಬಂದ ಹಣ ಬರೆದಿಡಬೇಕು. ಕಂಡ ರೋಗ, ಕೀಟಗಳನ್ನೂ ಬರೆದು ರೈತರಿಗೆ ತಿಳಿಸಬೇಕು. ಒಂದು ವರ್ಷದ ಈ ಪುಸ್ತಕ ಮುಂದಿಟ್ಟುಕೊಂಡರೆ ಹೆಸರಿನ ಗುತ್ತಿಗೆ ನಿಮಗೆ ಬೇಕೋ ಬೇಡವೋ ಎಂಬುದನ್ನು ಅದೇ ಹೇಳುತ್ತದೆ. ಬೇಕಾದರೂ ಆಗ ನೀವು ಸಂಸ್ಥೆಯೊಡನೆ ಚೌಕಾಸಿ ಮಾಡುವಷ್ಟು ಬಲ್ಲವರಾಗಿರುತ್ತೀರಿ.

ವಿಸ್ತರಣಾ ಕಾರ್ಯಕರ್ತರು ತಮ್ಮ ವಲಯದಲ್ಲಿ ಇಂತಹ ತಂಡಗಳ ಪಟ್ಟಿ ಮಾಡಿ, ತರಬೇತಿಗೆ ಕಳುಹಿಸಿ, ವಿಮೆ ಮಾಡಿಸಿಕೊಂಡಿದ್ದಾರೆಯೇ ಎಂದು ಪ್ರತಿ ವರ್ಷ ವಿಚಾರಿಸಿದರೆ ರೈತರಿಗೂ ಯುವಕರಿಗೂ ಮಹದುಪಕಾರವಾಗುತ್ತದೆ. ಮರ ಹತ್ತುವ ತರಬೇತಿಯ ವಿವರಗಳಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ಸಂಪರ್ಕಿಸಬಹುದು.