ಕುಣಿಕೆಯೊಳಗೊಂದು ಕುಣಿಕೆ
ಅಕ್ಕಿ ಮೂಟೆಯ ಬಾಯಿಗೆ ಹಾಕಿದ ದಾರವನ್ನು ಸರಿಯಾದ ತುದಿಯಿಂದ ಎಳೆದರೆ ಹೊಲಿಗೆಯೆಲ್ಲ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ತುದಿ ಹಿಡಿದರೆ ಕತ್ತರಿಯೇ ಗತಿ. ಮದುವೆ ಬ್ಲೌಸಿನ ತೋಳಿನ ಮೇಲೆ ಬಳ್ಳಿ ಹಬ್ಬಿಸುವುದೂ ಇದೇ ಚೈನ್ ಸ್ಟಿಚ್, ಅಂದರೆ ಸರಪಳಿ ಹೊಲಿಗೆ.

ಕೈಸೂಜಿಯಲ್ಲಿ ಇದನ್ನು ಹಾಕುವುದು ಸುಲಭ. ಬಟ್ಟೆಯಡಿಯಿಂದ ದಾರವನ್ನು ಮೇಲೆ ತಂದು, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಸೂಜಿಯನ್ನು ಅದೇ ತೂತಿಗೆ ಇಳಿಸಿ, ತುಸು ಮುಂದೆ ಕುಣಿಕೆಯ ಒಳಗಿನಿಂದ ಮೇಲೆತ್ತಬೇಕು. ಪ್ರತಿ ಹೊಸ ಕುಣಿಕೆಯೂ ಹಿಂದಿನದನ್ನು ಹಿಡಿದಿಡುತ್ತದೆ. ಕೊನೆಯದಕ್ಕೆ ಮಾತ್ರ ಪುಟ್ಟದೊಂದು ಹೊಲಿಗೆ ಹಾಕದಿದ್ದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಕ್ರೋಶಾದಲ್ಲಿ ಬಟ್ಟೆಯೇ ಬೇಡ. ಕೊಕ್ಕೆಕಡ್ಡಿಯೊಂದೇ ದಾರದಿಂದ ಸರಪಳಿ ಹೆಣೆಯುತ್ತದೆ.

ಆರಿ ಕೆಲಸದ ವೇಗದ ಗುಟ್ಟೂ ಕೊಕ್ಕೆಯೇ. ಚೌಕಟ್ಟಿಗೆ ಬಿಗಿದ ಬಟ್ಟೆಯ ಕೆಳಗೆ ಒಂದು ಕೈ ದಾರ ಒದಗಿಸುತ್ತದೆ, ಮೇಲಿನ ಕೈ ಕೊಕ್ಕೆಸೂಜಿಯಿಂದ ಅದನ್ನು ಕುಣಿಕೆ ಕುಣಿಕೆಯಾಗಿ ಎಳೆಯುತ್ತದೆ. ಕಛ್‌ನಲ್ಲಿ ಈ ಕಲೆಗೆ ಹೆಸರಾದವರು ಚರ್ಮದ ಕೆಲಸದ ಮೋಚಿಗಳು. ನಮ್ಮ ಧಾರವಾಡದ ಕಸೂತಿಗೆ ಮಾತ್ರ ಸರಪಳಿಯ ಹಂಗಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ, ಈ ನಾಲ್ಕೇ ಅದಕ್ಕೆ ಸಾಕು.

ಹೊಲಿಗೆ ಯಂತ್ರದ ಚರಿತ್ರೆಯಲ್ಲೂ ಇದರದು ಮೊದಲ ಸಾಲಿನ ಜಾಗ. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೋನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರ ಕೊಕ್ಕೆಸೂಜಿಯಿಂದ ಸರಪಳಿಯನ್ನೇ ಹೊಲಿಯುತ್ತಿತ್ತು. ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸ್ಸಿನಲ್ಲಿ ಇಟ್ಟಿದ್ದ ಆ ಯಂತ್ರಗಳನ್ನು, ಹೊಟ್ಟೆಪಾಡಿಗೆ ಕಲ್ಲು ಬಿತ್ತೆಂದು ಹೆದರಿದ ದರ್ಜಿಗಳು ನುಗ್ಗಿ ಪುಡಿಗಟ್ಟಿದರು. ಜೀನ್ಸ್ ಪ್ಯಾಂಟಿನ ಕಾಲಂಚನ್ನು ಒಳಮಗ್ಗುಲಾಗಿ ಮಡಚಿ ನೋಡಿದರೆ, ಹಲವು ಪ್ಯಾಂಟುಗಳಲ್ಲಿ ಅದೇ ಸರಪಳಿ ಇಂದಿಗೂ ಕಾಣುತ್ತದೆ.